ಹುಟ್ಟುಹಬ್ಬಕ್ಕೆ ಹೊಳೆದಂಡೆ
ಮಗಳ ಹುಟ್ಟುಹಬ್ಬ ಹಡಗಿನ ಮೇಲೇ ಆಗಬೇಕೆಂದು ಸಾಲ ಮಾಡಿ ದೂರದೂರಿಗೆ ಹೊರಟಿದ್ದೀರಾ? ಸ್ವಲ್ಪ ತಡೀರಿ. ಬಿಸಿಲೇರುವ ಮುಂಚೆ ಕಿತ್ತೂರ ಕೋಟೆಗೆ ಹೋಗಿ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಪಡೆ ಬ್ರಿಟಿಷ್ ಅಧಿಕಾರಿ ಥ್ಯಾಕರೆಯನ್ನು ಕೆಡವಿದ್ದು ಇಲ್ಲೇ. ಪಾಳುಬಿದ್ದ ಅರಮನೆಯ ಗೋಡೆಯನ್ನು ಮಗು ಕಣ್ತುಂಬ ನೋಡಲಿ. ಬೈಲಹೊಂಗಲದಲ್ಲಿ ರಾಣಿಯ ಸಮಾಧಿಗೆ ಕೈಮುಗಿದು, ಸವದತ್ತಿಯ ನವಿಲುತೀರ್ಥಕ್ಕೆ ಬನ್ನಿ. ಗುಡ್ಡದ ಸಂದಿನಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು. ದೋಣಿ ಸಿಗದಿದ್ದರೆ ಬೇಸರ ಬೇಡ. ಸಿಕ್ಕರೂ ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ. ನಡುನೀರಲ್ಲಿ ಮೇಣದಬತ್ತಿ ಹಚ್ಚುವ ಹುಚ್ಚಂತೂ ಬೇಡವೇ ಬೇಡ, ಗಾಳಿಗೆ ಅದು ನಿಲ್ಲುವುದೂ ಇಲ್ಲ! ದಂಡೆಯ ಮೇಲೆ ಬುತ್ತಿ ಬಿಚ್ಚಿ: ಕಟಕ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಕೇಕಿನ ಬದಲು ತುಪ್ಪ ಸುರಿದ ಮಾದಲಿ. ತಟ್ಟೆ, ಪ್ಲಾಸ್ಟಿಕ್ ನೀರಿಗೆಸೆಯಬೇಡಿ. ಈ ಹೊಳೆ ಮುಂದೆ ರಾಮದುರ್ಗದ ಮಗ್ಗುಲಲ್ಲೇ ಹರಿಯುತ್ತದೆ.