ಮೂಗಿಗೆ ಟವೆಲ್ ಸಾಲದು, ಮೊದಲು ಕೈಗವಸು ಬೇಕು

ಹೈದರಾಬಾದಿನ ತಾರ್ನಾಕದಲ್ಲಿ ಎರಡು ಸಂಸ್ಥೆಗಳಿವೆ. ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವನ್ನು ದೇಶದಲ್ಲೇ ತಯಾರಿಸುವ ವಿಧಾನ ರೂಪುಗೊಂಡದ್ದು ಒಂದರಲ್ಲಿ. ಅದು ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ. ತೆಲಂಗಾಣದ ರೈತರ ರಕ್ತ ಪರೀಕ್ಷಿಸಿ ಅದರಲ್ಲಿ ಕೀಟನಾಶಕದ ಉಳಿಕೆ ಕಂಡವರು ಇನ್ನೊಂದರ, ಅಂದರೆ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ, ವಿಜ್ಞಾನಿಗಳು. ಗಿಡಕ್ಕೆ ಹೊಡೆದದ್ದು ಹೊಡೆದವನ ರಕ್ತಕ್ಕೆ ಯಾವ ದಾರಿಯಲ್ಲಿ ಹೋಯಿತು? ಮೂಗಿನಿಂದ ಎಂದು ನಂಬಿ ನಾವು ಮುಖಕ್ಕೆ ಟವೆಲ್ ಸುತ್ತುತ್ತೇವೆ. ಆದರೆ ಹೊಲದಲ್ಲಿ ದೊಡ್ಡ ದಾರಿ ಚರ್ಮ. ಅಮೆರಿಕದಲ್ಲಿ 1971ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮುಂಗೈಗೆ ಹಚ್ಚಿದ ಪ್ಯಾರಾಥಿಯಾನ್ ಎಂಬ ಕೀಟನಾಶಕದಲ್ಲಿ ಸುಮಾರು 9% ಒಳಕ್ಕೆ ಇಳಿದರೆ, ನೆತ್ತಿಯ ಚರ್ಮದಿಂದ 32%, ವೃಷಣದ ಚರ್ಮದಿಂದ ಹೆಚ್ಚುಕಡಿಮೆ ಪೂರ್ತಿ ಇಳಿದಿತ್ತು. ಈಗ ಬೆನ್ನಿನ ಪಂಪನ್ನು ನೋಡಿ. ಮುಚ್ಚಳದ ವಾಷರ್ ಸವೆದಿದ್ದರೆ ದ್ರಾವಣ ಬೆನ್ನಿನಿಂದ ಸೊಂಟಕ್ಕೆ, ಅಲ್ಲಿಂದ ತೊಡೆಸಂದಿಗೆ ಜಿನುಗುತ್ತದೆ. ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಸಿಗುವ ವಾಷರ್ ಅದು.

ಅದಕ್ಕಿಂತ ಅಪಾಯದ ಗಳಿಗೆ ಸಿಂಪಡಣೆಗೂ ಮುಂಚಿನದು. ಲೀಟರ್ ನೀರಿಗೆ 2 ಮಿಲಿ ಹಾಕುವ ಔಷಧಿಯಾದರೆ (ವಿಷಕ್ಕೆ ಔಷಧಿ ಎಂಬ ಹೆಸರಿಟ್ಟದ್ದೇ ಅರ್ಧ ಅನಾಹುತ), ಬಾಟಲಿಯಲ್ಲಿರುವುದು ಟ್ಯಾಂಕಿನಲ್ಲಿರುವುದಕ್ಕಿಂತ 500 ಪಟ್ಟು ಗಟ್ಟಿ. ಮುಚ್ಚಳದಲ್ಲಿ ಅಳೆಯುವಾಗ ಬೆರಳಿಗೆ ಹರಿದ ಒಂದು ಹನಿ, ಹೊಲದಲ್ಲಿ ಮೈಮೇಲೆ ಬಿದ್ದ 500 ಹನಿಗೆ ಸಮ. ಹಾಗಾಗಿ ಕೂಲಿಯಾಳಿನ ರಕ್ಷಣೆಗೆಂದು ತೆಗೆದಿಟ್ಟ ಮೊದಲ ರೂಪಾಯಿ ನೈಟ್ರೈಲ್ ಕೈಗವಸಿಗೆ ಹೋಗಬೇಕು, ಎರಡನೆಯದು ಪಂಪಿನ ರಿಪೇರಿಗೆ, ಮೂರನೆಯದು ಬೆನ್ನಿಗೆ ಕಟ್ಟುವ ಪ್ಲಾಸ್ಟಿಕ್ ಹಾಳೆಗೆ. ಕೈಯಲ್ಲಿ ಕಲಕುವುದಂತೂ ಬೇಡವೇ ಬೇಡ, ಕೋಲು ಸಾಕು.

ಬಿಸಿಲಲ್ಲಿ ಇದನ್ನೆಲ್ಲ ತೊಟ್ಟು ದುಡಿಯಲಾಗುವುದಿಲ್ಲ ಎಂಬ ಮಾತು ಸುಳ್ಳಲ್ಲ. ಮೈತುಂಬ ಪ್ಲಾಸ್ಟಿಕ್ ಸುತ್ತಿದರೆ ಆಳು ಸೆಕೆಗೇ ಕುಸಿದಾನು. ಅದಕ್ಕೇ ಸಿಂಪಡಣೆಯನ್ನು ಬೆಳಗಿನ ತಂಪು ಹೊತ್ತಿಗೆ ಮುಗಿಸಿ, ಕೈ, ಬೆನ್ನು, ಸೊಂಟಕ್ಕಷ್ಟೇ ನೀರು ಇಳಿಯದ ಹೊದಿಕೆ ಇರಲಿ. ಉಳಿದಂತೆ ತುಂಬುತೋಳಿನ ಹತ್ತಿ ಅಂಗಿ ನಡೆಯುತ್ತದೆ. ಆದರೆ ಅದು ನೆನೆದರೆ ತಕ್ಷಣ ಬದಲಿಸಬೇಕು. ವಿಷದಲ್ಲಿ ತೊಯ್ದ ಬಟ್ಟೆ ಮೈಗಂಟಿಕೊಂಡಿರುವುದು ಬರಿಮೈಗಿಂತ ಕೆಟ್ಟದ್ದು. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯವರು ತಾಗಿದ ವಿಷವನ್ನು ಬಟ್ಟೆಯಲ್ಲೇ ಒಡೆಯುವ, ಒಗೆದು ಮತ್ತೆ ತೊಡಬಹುದಾದ ‘ಕಿಸಾನ್ ಕವಚ’ವನ್ನು 2024ರ ಡಿಸೆಂಬರಿನಲ್ಲಿ ಹೊರತಂದರು. ಆಗ ಹೇಳಿದ ಬೆಲೆ ಸುಮಾರು 4,000 ರೂಪಾಯಿ. ಸಣ್ಣ ಹಿಡುವಳಿದಾರನಿಗೆ ಇದು ದುಬಾರಿಯೇ, ಸಂಘದಿಂದ ಕೊಂಡು ಸರದಿಯಲ್ಲಿ ಬಳಸಬಹುದು.

‘ಇಷ್ಟು ವರ್ಷ ಹೊಡೆದಿದ್ದೇವೆ, ಏನಾಯಿತು?’ ಎಂಬುದು ಇನ್ನೊಂದು ಆಕ್ಷೇಪ. ಮೊನೊಕ್ರೊಟೊಫಾಸ್, ಪ್ರೊಫೆನೊಫಾಸ್‌ನಂಥ ವಿಷಗಳು ನರಗಳಿಗೆ ಬೇಕಾದ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತವೆ. ಅದು ಮತ್ತೆ ತುಂಬಿಕೊಳ್ಳಲು ವಾರಗಳೇ ಬೇಕು. ನಮ್ಮ ಸಿಂಪಡಣೆಯ ಆಳು ಇಂದು ಒಬ್ಬರ ಹೊಲ, ನಾಳೆ ಇನ್ನೊಬ್ಬರದು ಎಂದು ಬಿಡುವಿಲ್ಲದೆ ಹೊಡೆಯುತ್ತಾನೆ. ಮೊದಲ ದಿನ ಏನೂ ಅನಿಸದವನು ಹತ್ತನೆಯ ದಿನ ಬೀಳುವುದು ಹೀಗೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಆಳೆತ್ತರ ಬೆಳೆದ ಹತ್ತಿಗೆ ಹೊಡೆಯುತ್ತಾ 20ಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಅನುಭವ ಇಲ್ಲದವರು ಎಷ್ಟು ಜನ ಇದ್ದಾರು?

ಕೈಗವಸು ಆಳೇ ತರಲಿ ಎನ್ನಬೇಡಿ. ಬೆಳೆ ನಿಮ್ಮದು, ಔಷಧಿ ಆರಿಸಿದವರೂ ನೀವು. ಒಂದು ಜೊತೆಯ ಬೆಲೆ ಅವನ ಒಂದು ದಿನದ ಕೂಲಿಯಷ್ಟೂ ಇಲ್ಲ. ಬೆವರು, ಜೊಲ್ಲು, ಮಂಜುಗಣ್ಣು ಕಾಣಿಸಿದರೆ ಬಟ್ಟೆ ಬಿಚ್ಚಿಸಿ, ಸೋಪು ಹಚ್ಚಿ ಮೈ ತೊಳೆದು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಲೇಬಲ್ ಇರುವ ಬಾಟಲಿಯೂ ಜೊತೆಗಿರಲಿ, ವೈದ್ಯರು ಮೊದಲು ಕೇಳುವುದು ಅದನ್ನೇ.