ತೈಲಸಂಪತ್ತೂ ಕೈಗಾರಿಕೆಯೂ

ಭೂಗರ್ಭದಲ್ಲಿ ತೈಲವುಳ್ಳ ದೇಶಕ್ಕೆ ದಾರಿದ್ರ್ಯವೆಲ್ಲಿಯದು ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಪಶ್ಚಿಮ ಆಫ್ರಿಕದ ನೈಜೀರಿಯದ ಚರಿತ್ರೆಯು ಈ ಭಾವನೆಯನ್ನು ತಿದ್ದುತ್ತದೆ.

ಆ ದೇಶವು ಮೊದಲು ಕೋಕೋ, ತಾಳೆಯೆಣ್ಣೆ, ನೆಲಗಡಲೆಗಳನ್ನು ಮಾರಿ ಬಾಳುತ್ತಿತ್ತು. ಕಾನೊ ನಗರದಲ್ಲಿ ನೆಲಗಡಲೆಯ ಚೀಲಗಳನ್ನು ಪಿರಮಿಡ್ಡುಗಳಂತೆ ಒಟ್ಟುತ್ತಿದ್ದರು. ಕಡುನಾ ನಗರದಲ್ಲಿ ಬಟ್ಟೆಯ ಗಿರಣಿಗಳು ತಲೆಯೆತ್ತಿದ್ದವು. 1956ರಲ್ಲಿ ಓಲೊಯಿಬಿರಿ ಎಂಬಲ್ಲಿ ತೈಲವು ದೊರೆಯಿತು. 1958ರಲ್ಲಿ ಅದರ ರಫ್ತು ಆರಂಭವಾಯಿತು. 1973-74ರಲ್ಲಿ ತೈಲದ ಬೆಲೆ ಸುಮಾರು ನಾಲ್ಮಡಿಯಾದಾಗ ಹಣವು ಹೊಳೆಯಾಗಿ ಹರಿದುಬಂದಿತು. ಆದರೆ ನೆಲಗಡಲೆಯ ರಾಶಿಗಳು ಕಣ್ಮರೆಯಾದವು. ಬರಗಾಲ, ಬೆಳೆರೋಗಗಳು ಇದಕ್ಕೆ ಕಾರಣವಾದಂತೆಯೇ ತೈಲದ ಹಣವೂ ಕಾರಣವಾಯಿತು.

ಅದು ಹೇಗೆಂಬುದನ್ನು ಒಂದು ಲೆಕ್ಕದಿಂದ ತಿಳಿಯೋಣ. ನೈಜೀರಿಯದ ನಾಣ್ಯವು ನೈರಾ. ಒಂದು ಬಟ್ಟೆಯನ್ನು ತಯಾರಿಸಲು 10 ನೈರಾ ತಗಲುವುದೆಂದೂ, ಒಂದು ಡಾಲರಿಗೆ ಒಂದು ನೈರಾ ಸಿಗುವುದೆಂದೂ ಇಟ್ಟುಕೊಳ್ಳಿರಿ. ವಿದೇಶೀಯನು ಅದಕ್ಕೆ 10 ಡಾಲರು ಕೊಡುವನು. ತೈಲದಿಂದ ಡಾಲರುಗಳು ಹೇರಳವಾಗಿ ಬಂದು, ಒಂದು ಡಾಲರಿಗೆ ಅರ್ಧ ನೈರಾ ಮಾತ್ರ ಸಿಗುವಂತಾದರೆ, ಅದೇ ಬಟ್ಟೆಗೆ ಅವನು 20 ಡಾಲರು ತೆರಬೇಕು. ಅತ್ತ ವಿದೇಶದ ಬಟ್ಟೆಯು ನೈಜೀರಿಯದ ಪೇಟೆಗೆ ಅರ್ಧ ಬೆಲೆಗೆ ಬರುವುದು. ಕೆಲಸಗಾರನ ಕೌಶಲವು ಕುಂದಲಿಲ್ಲ. ಆದರೂ ಗಿರಣಿಯು ಸ್ಪರ್ಧೆಯಲ್ಲಿ ಸೋಲುವುದು. 1959ರಲ್ಲಿ ಅನಿಲನಿಕ್ಷೇಪ ದೊರೆತ ಹಾಲೆಂಡಿನಲ್ಲಿಯೂ ಹೀಗೆಯೇ ಆದುದರಿಂದ ಇದಕ್ಕೆ ‘ಡಚ್ ರೋಗ’ವೆಂಬ ಹೆಸರು ಬಂದಿದೆ.

1986ರಲ್ಲಿ ತೈಲದ ಬೆಲೆ ಕುಸಿದಾಗ ನೈಜೀರಿಯಕ್ಕೆ ಆಧಾರವಾಗಬಲ್ಲ ಬೇರೆ ರಫ್ತುಗಳು ಹೆಚ್ಚಾಗಿ ಉಳಿದಿರಲಿಲ್ಲ. ಮುಂದೆ ವಿದ್ಯುತ್ತಿನ ಅಭಾವವೂ ಅಗ್ಗದ ಆಮದೂ ಸೇರಿ ಕಡುನಾದ ಗಿರಣಿಗಳು ಮುಚ್ಚಿದವು. ಕಚ್ಚಾ ತೈಲವನ್ನು ಮಾರುವ ಆ ದೇಶವೇ ಬಹುಕಾಲ ಪೆಟ್ರೋಲನ್ನು ಹೊರಗಿನಿಂದ ತರಿಸಿಕೊಂಡಿತು. ಲಾಗೋಸಿನ ಬಳಿಯ ಡಾಂಗೋಟೆ ಶುದ್ಧೀಕರಣಾಗಾರವು ಉತ್ಪಾದನೆಗೆ ತೊಡಗಿದ್ದು 2024ರಲ್ಲಿ.

ಹಾಗಾದರೆ ತೈಲವು ಶಾಪವೇ? ಅಲ್ಲ. ಇಂಡೊನೇಷ್ಯವು ತೈಲದ ಹಣವನ್ನು ನೀರಾವರಿ, ರಸಗೊಬ್ಬರ, ಶಾಲೆಗಳಿಗೆ ವಿನಿಯೋಗಿಸಿತು. 1978ರಲ್ಲಿಯೂ 1986ರಲ್ಲಿಯೂ ತನ್ನ ನಾಣ್ಯದ ಬೆಲೆಯನ್ನು ಇಳಿಸಿತು. ಅಲ್ಲಿಯ ಬಟ್ಟೆ, ಪ್ಲೈವುಡ್, ಪಾದರಕ್ಷೆಗಳು ಲೋಕದ ಪೇಟೆಯಲ್ಲಿ ಸ್ಥಾನ ಪಡೆದವು.

ನಮ್ಮ ಕಾಸರಗೋಡಿನ ಅನೇಕ ಮನೆಗಳಿಗೂ ಕೊಲ್ಲಿಯ ತೈಲನಾಡುಗಳಿಂದ ಹಣ ಬರುತ್ತಿದೆ. ಅದು ನಮ್ಮವರು ಬೆವರು ಸುರಿಸಿ ಗಳಿಸಿದ ಹಣ. ಆದರೆ ಅಲ್ಲಿಯ ಉದ್ಯೋಗವು ಶಾಶ್ವತವಲ್ಲ. ಪೋಷಕರು ಅದರ ಒಂದು ಪಾಲನ್ನು ಮಕ್ಕಳ ವಿದ್ಯೆಗೂ ಒಂದು ಕಸುಬಿನ ಕಲಿಕೆಗೂ ಮೀಸಲಿಡಲಿ. ಹೊರಗಿನ ಆದಾಯವು ನಿಂತ ದಿನ ಮನೆಯನ್ನು ಕಾಯುವುದು ಕೈಯಲ್ಲಿರುವ ಕೆಲಸವೇ.