ಬಿದ್ದರೆ ಏನಾಗುತ್ತದೆ? ಒಂದು ಹಕ್ಕಿಯ ಆಟದಿಂದ ನಾವು ಕಲಿತ ಪಾಠ



ನಾಲ್ಕನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ಮೂವರು ಸೇರಿ ಒಂದು ಪ್ಲಾಟ್‌ಫಾರ್ಮರ್ ಗೇಮ್ ಮಾಡೋಕೆ ಹೊರಟ್ವಿ. ಪ್ಲಾಟ್‌ಫಾರ್ಮರ್ ಅಂದ್ರೆ ಗೊತ್ತಲ್ಲ, ಮಾರಿಯೋ ತರಹ ಓಡೋದು, ಒಂದು ಕಟ್ಟೆಯಿಂದ ಇನ್ನೊಂದಕ್ಕೆ ನೆಗೆಯೋದು. ಕೋಡ್‌ನಲ್ಲಿ ಒಂದೂ ಎರರ್ ಇರಲಿಲ್ಲ. ರಿವ್ಯೂಗೆ ಎರಡು ವಾರ ಇರುವಾಗ ಹಾಸ್ಟೆಲ್‌ನ ಜೂನಿಯರ್ ಒಬ್ಬನಿಗೆ ಆಡೋಕೆ ಕೊಟ್ವಿ. ನಾಲ್ಕು ಸಲ ಬಿದ್ದ, ನಾಲ್ಕು ಸಲವೂ ಮೊದಲಿಂದ ಶುರು. ಆಮೇಲೆ ಲ್ಯಾಪ್‌ಟಾಪ್ ನಮ್ಮ ಕಡೆ ತಿರುಗಿಸಿ, "ಚೆನ್ನಾಗಿದೆ ಅಣ್ಣ, ಊಟಕ್ಕೆ ಹೋಗ್ಬರ್ತೀನಿ" ಅಂದ. ಮೆಸ್ ತೆರೆಯೋಕೆ ಇನ್ನೂ ಒಂದು ಗಂಟೆ ಇತ್ತು!

ತಪ್ಪು ಎಲ್ಲಿದೆ ಅಂತ ಹುಡುಕೋಕೆ ನಾವು ಒಂದು ಒಳ್ಳೆ ಆಟವನ್ನೇ ಪಠ್ಯಪುಸ್ತಕದ ಹಾಗೆ ಓದೋಣ ಅಂದುಕೊಂಡ್ವಿ. ರೂಮ್‌ಮೇಟ್ ಹತ್ತಿರ ನಿಂಟೆಂಡೋ ಸ್ವಿಚ್ ಇತ್ತು. ಅದರಲ್ಲಿದ್ದ ಆಟ 'ಎ ಶಾರ್ಟ್ ಹೈಕ್'.

ಆಟದ ಪರಿಚಯ

ಇದನ್ನು ಮಾಡಿದವರು ಕೆನಡಾದ ಆಡಮ್ ರಾಬಿನ್ಸನ್-ಯು. 2019ರಲ್ಲಿ ಕಂಪ್ಯೂಟರ್‌ಗೆ, 2020ರಲ್ಲಿ ಸ್ವಿಚ್‌ಗೆ ಬಂತು. 2020ರ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನಲ್ಲಿ ಅತಿ ದೊಡ್ಡ ಬಹುಮಾನವೂ ಇದಕ್ಕೇ ಸಿಕ್ಕಿತು. ಕಥೆ ತುಂಬಾ ಚಿಕ್ಕದು. ಕ್ಲೇರ್ ಅನ್ನೋ ಹಕ್ಕಿ ಹುಡುಗಿ ರಜೆಗೆ ಮೇ ಆಂಟಿ ಇರೋ ದ್ವೀಪಕ್ಕೆ ಬಂದಿದ್ದಾಳೆ. ಒಂದು ಮುಖ್ಯವಾದ ಫೋನ್ ಬರಬೇಕು, ಆದ್ರೆ ಸಿಗ್ನಲ್ ಸಿಗೋದು ಬೆಟ್ಟದ ತುದಿಯಲ್ಲಿ ಮಾತ್ರ. ಹತ್ತಬೇಕು, ಅಷ್ಟೇ. ಶತ್ರುಗಳಿಲ್ಲ, ಸಾವಿಲ್ಲ, ಟೈಮರ್ ಇಲ್ಲ. ಒಂದೇ ಸಂಜೆಯಲ್ಲಿ ಮುಗಿಸಬಹುದು. ಆದ್ರೆ ನಾವು ಮೂರು ಸಂಜೆ ತಗೊಂಡ್ವಿ, ಯಾಕೆ ಅಂತ ಮುಂದೆ ಹೇಳ್ತೀವಿ.

ಮೊದಲ ಪಾಠ: ಗರಿ ಅಂದ್ರೆ ಬ್ಯಾಟರಿ

ಆಟದಲ್ಲಿ ಚಿನ್ನದ ಗರಿಗಳು ಸಿಗುತ್ತವೆ. ಗಾಳಿಯಲ್ಲಿ ಇನ್ನೊಮ್ಮೆ ನೆಗೆಯೋಕೂ ಗರಿ ಬೇಕು, ಬಂಡೆ ಹತ್ತೋಕೂ ಗರಿ ಬೇಕು. ನೆಲ ಮುಟ್ಟಿದ ತಕ್ಷಣ ಖಾಲಿಯಾದ ಗರಿಗಳು ಮತ್ತೆ ತುಂಬಿಕೊಳ್ಳುತ್ತವೆ. ಅಂದ್ರೆ ಗರಿಗಳ ಸಂಖ್ಯೆ ಬ್ಯಾಟರಿಯ ಸಾಮರ್ಥ್ಯ, ನೆಲ ಅದರ ಚಾರ್ಜರ್. ಬೆಟ್ಟದ ಮೇಲಿನ ಚಳಿಯಲ್ಲಿ ಗರಿಗಳು ಹೆಪ್ಪುಗಟ್ಟುತ್ತವೆ, ಚಾರ್ಜರ್ ಕಿತ್ತುಹಾಕಿದ ಹಾಗೆ. ಆಗ ಬಿಸಿನೀರಿನ ಬುಗ್ಗೆ ಹುಡುಕಬೇಕು.

ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಬೆಟ್ಟದ ತುದಿಗೆ ಹೋಗೋ ದಾರಿಗೆ ಬೀಗ ಹಾಕಿಲ್ಲ. ಬಂಡೆಯ ಎತ್ತರವೇ ಬೀಗ. ಅದನ್ನು ನೋಡಿದ್ರೆ ಸಾಕು, "ಇದಕ್ಕೆ ಇನ್ನೊಂದೆರಡು ಗರಿ ಬೇಕು" ಅಂತ ಆಡುವವರಿಗೇ ಗೊತ್ತಾಗುತ್ತದೆ.

ಎರಡನೇ ಪಾಠ: ಬೀಳೋದು ಅಂದ್ರೆ ಪ್ರಯಾಣ

ನಮಗೆ ಮುಖ್ಯವಾಗಿದ್ದು ಇದು. ಕ್ಲೇರ್ ಕೈ ಜಾರಿದ್ರೆ ಸಾಯೋದಿಲ್ಲ. ಬಟನ್ ಒತ್ತಿ ಹಿಡಿದ್ರೆ ರೆಕ್ಕೆ ಬಿಚ್ಚಿ ತೇಲುತ್ತಾಳೆ. ಹತ್ತುವಾಗ ಗಳಿಸಿದ ಎತ್ತರ ವ್ಯರ್ಥವಾಗೋದಿಲ್ಲ, ಅದೇ ದೂರವಾಗಿ ಬದಲಾಗುತ್ತದೆ. ಇಳಿದ ಜಾಗದಲ್ಲಿ ಏನೋ ಒಂದು ಇದ್ದೇ ಇರುತ್ತದೆ: ಮೀನು ಹಿಡಿಯುವವರು, ಓಟದ ಪಂದ್ಯಕ್ಕೆ ಕರೆಯುವವರು, ನಾಣ್ಯ, ನಿಧಿಯ ನಕ್ಷೆ. ನಾವು ಮೂರು ಸಂಜೆ ತಗೊಂಡಿದ್ದು ಅದಕ್ಕೇ. ತುದಿ ಕಾಣ್ತಾ ಇದ್ರೂ ಬೇಕಂತಲೇ ಬೀಳ್ತಿದ್ವಿ.

ನಮ್ಮ ಆಟದಲ್ಲಿ ಬಿದ್ದವನಿಗೆ ಸಿಕ್ಕಿದ್ದು 'ಗೇಮ್ ಓವರ್' ಅನ್ನೋ ಕೆಂಪು ಅಕ್ಷರ.

ಮೂರನೇ ಪಾಠ: ನೆಗೆತದ ಲೆಕ್ಕ

ಇನ್ನೊಂದು ತಪ್ಪೂ ಸಿಕ್ಕಿತು. ಫಿಸಿಕ್ಸ್‌ನಲ್ಲಿ ಕಲಿತಿದ್ದೀವಿ ಅನ್ನೋ ಧೈರ್ಯದಲ್ಲಿ ಗುರುತ್ವವನ್ನು 9.8 ಅಂತ ಹಾಕಿದ್ವಿ. 2 ಮೀಟರ್ ಎತ್ತರ ನೆಗೆದ್ರೆ ಮೇಲೆ ಹೋಗೋಕೆ ಸುಮಾರು 0.64 ಸೆಕೆಂಡ್, ಕೆಳಗೆ ಬರೋಕೆ ಅಷ್ಟೇ. ಒಟ್ಟು 1.28 ಸೆಕೆಂಡ್ ಗಾಳಿಯಲ್ಲಿ! ಆಡುವ ಕೈಗೆ ಅದು ಬಲೂನ್ ತರಹ ಅನ್ನಿಸುತ್ತದೆ.

ಸರಿಯಾದ ದಾರಿ ಉಲ್ಟಾ. 2016ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಕೈಲ್ ಪಿಟ್‌ಮನ್ ಇದನ್ನು ಚೆನ್ನಾಗಿ ವಿವರಿಸಿದ್ದಾರೆ. ಎಷ್ಟು ಎತ್ತರ, ತುದಿ ಮುಟ್ಟೋಕೆ ಎಷ್ಟು ಸಮಯ ಅಂತ ಮೊದಲು ನಾವೇ ತೀರ್ಮಾನ ಮಾಡಬೇಕು. ಆಮೇಲೆ:

ಗುರುತ್ವ = 2 × ಎತ್ತರ ÷ (ಸಮಯ × ಸಮಯ)
ಆರಂಭದ ವೇಗ = 2 × ಎತ್ತರ ÷ ಸಮಯ

ಎತ್ತರ 2 ಮೀಟರ್, ಸಮಯ 0.4 ಸೆಕೆಂಡ್ ಅಂತ ಇಟ್ಕೊಳ್ಳಿ. ಗುರುತ್ವ 25, ವೇಗ ಸೆಕೆಂಡಿಗೆ 10 ಮೀಟರ್ ಬರುತ್ತದೆ. ನಿಜವಾದ ಭೂಮಿಗಿಂತ ಎರಡೂವರೆ ಪಟ್ಟು ಗುರುತ್ವ, ಆದ್ರೂ ಕೈಗೆ ಇದೇ ಸಹಜ ಅನ್ನಿಸುತ್ತದೆ.

ತೇಲೋದು ಇನ್ನೂ ಸುಲಭ. ಬಟನ್ ಹಿಡಿದಿರುವಾಗ ಇಳಿಯುವ ವೇಗಕ್ಕೆ ಒಂದು ಮಿತಿ ಹಾಕಿ. ನಾವು ಸೆಕೆಂಡಿಗೆ 2 ಮೀಟರ್ ಇಳಿಯೋದು, 6 ಮೀಟರ್ ಮುಂದೆ ಹೋಗೋದು ಅಂತ ಇಟ್ವಿ. 20 ಮೀಟರ್ ಎತ್ತರದಿಂದ ಬಿದ್ದವನು 10 ಸೆಕೆಂಡ್‌ನಲ್ಲಿ 60 ಮೀಟರ್ ದೂರ ಹೋಗ್ತಾನೆ. ಆ 60 ಮೀಟರ್ ಒಳಗೆ ಏನಾದ್ರೂ ಇಡೋದು ನಮ್ಮ ಕೆಲಸ.

ರಿವ್ಯೂನಲ್ಲಿ ಏನಾಯ್ತು?

ಗೈಡ್ ಮೇಡಂ ನೋಡಿ ಒಂದೇ ಪ್ರಶ್ನೆ ಕೇಳಿದ್ರು: "ಸೋಲೇ ಇಲ್ಲ ಅಂದ್ಮೇಲೆ ಇದು ಆಟ ಹೇಗಾಗುತ್ತೆ?"

ನಮಗೆ ಎದೆ ಧಸಕ್ ಅಂತು. ಆದ್ರೂ ಹೇಳಿದ್ವಿ: "ಮೇಡಂ, ಸೋಲು ಇದೆ. ಬಿದ್ರೆ ಎತ್ತರ ಹೋಗುತ್ತೆ, ಮತ್ತೆ ಹತ್ತಬೇಕು. ಆದ್ರೆ ಸಿಕ್ಕಿದ ಗರಿ ಹೋಗಲ್ಲ, ನೋಡಿದ ದಾರಿ ಮರೆಯಲ್ಲ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ರಿಪೋರ್ಟ್‌ನಲ್ಲಿ ಬರೀರಿ" ಅಂದ್ರು. ನಮ್ಮ ಮೂವರಲ್ಲಿ ಒಬ್ಬನಿಗೆ ಮ್ಯಾಥ್ಸ್ ಬ್ಯಾಕ್‌ಲಾಗ್ ಇದೆ. ಹೊರಗೆ ಬಂದ್ಮೇಲೆ ಅವನು, "ಆ ಕೊನೇ ಲೈನ್ ನಂಗೂ ಬೇಕಿತ್ತು ಕಣ್ರೋ" ಅಂದ. ಆವತ್ತು ರಾತ್ರಿ ಮೂವರೂ ಕೂತು ಲ್ಯಾಪ್ಲಾಸ್ ಲೆಕ್ಕಗಳನ್ನ ಮತ್ತೆ ಮೊದಲಿಂದ ಮಾಡಿದ್ವಿ. ಅವನಿಗೆ ಅರ್ಧ ಆಗಲೇ ಬರ್ತಿತ್ತು.

ಆ ಜೂನಿಯರ್‌ಗೂ ಹೊಸ ಆಟ ಕೊಟ್ವಿ. ಈ ಸಲವೂ ತುಂಬಾ ಬಿದ್ದ, ಆದ್ರೆ ಪ್ರತಿ ಸಲವೂ "ಅಣ್ಣ, ಆ ಕಡೆ ಏನಿದೆ?" ಅಂತ ಕೇಳ್ತಿದ್ದ. ಕೊನೆಗೆ ಮೆಸ್ ಮುಚ್ಚುತ್ತೆ ಅಂತ ನಾವೇ ಎಬ್ಬಿಸಬೇಕಾಯ್ತು.

ನಿಮಗೊಂದು ಕೆಲಸ: ಎತ್ತರ 3 ಮೀಟರ್, ಸಮಯ 0.5 ಸೆಕೆಂಡ್ ಇದ್ರೆ ಗುರುತ್ವ ಎಷ್ಟು, ವೇಗ ಎಷ್ಟು? ಉತ್ತರ ಕ್ರಮವಾಗಿ 24 ಮತ್ತು 12 ಬಂದ್ರೆ ನಿಮ್ಮ ಮೊದಲ ನೆಗೆತ ಸಿದ್ಧ. ಬೀಳೋ ಜಾಗದಲ್ಲಿ ಏನಿಡಬೇಕು ಅನ್ನೋದನ್ನ ನೀವೇ ಯೋಚಿಸಿ.